ಸ್ಥಳಚಿತ್ರ ಮತ್ತು ಪುರವರ್ಣನೆ: ಕೊಚ್ಚಿ, ತಿರುವನಂತಪುರಗಳ ಛಾಯಾಚಿತ್ರಗಳನ್ನು ಓದುವ ಬಗೆ

೧

ಕನ್ನಡ ವಿಮರ್ಶೆಯು ಛಾಯಾಚಿತ್ರವನ್ನು ಒಂದು ಪಠ್ಯವೆಂದು ಗಂಭೀರವಾಗಿ ಪರಿಗಣಿಸಿದ್ದು ಕಡಿಮೆ. ನಮ್ಮ ಸಂಶೋಧನ ಗ್ರಂಥಗಳ ಕೊನೆಯಲ್ಲಿ ದೇವಾಲಯ, ಶಾಸನ, ವೀರಗಲ್ಲುಗಳ ಚಿತ್ರಪಟಗಳಿರುತ್ತವೆ. ಅವು ಸಾಕ್ಷ್ಯಗಳಾಗಿ ಬರುತ್ತವೆಯೇ ಹೊರತು ವಿವೇಚನೆಯ ವಸ್ತುವಾಗಿ ಬರುವುದಿಲ್ಲ. ಹಸ್ತಪ್ರತಿಯ ಒಂದು ಅಕ್ಷರ ಸಂದಿಗ್ಧವಾಗಿದ್ದರೆ ಹತ್ತು ಪ್ರತಿಗಳನ್ನು ತಾಳೆ ನೋಡುವ ವಿದ್ವಾಂಸರು, ಚಿತ್ರವೊಂದನ್ನು ಯಾರು ತೆಗೆದರು, ಯಾವ ವರ್ಷ ತೆಗೆದರು, ಎಲ್ಲಿ ನಿಂತು ತೆಗೆದರು ಎಂಬ ಪ್ರಶ್ನೆಗಳನ್ನು ಕೇಳುವುದು ಅಪರೂಪ. ಚಿತ್ರ ಸುಳ್ಳಾಡುವುದಿಲ್ಲ ಎಂಬ ನಂಬಿಕೆಯೇ ಇದಕ್ಕೆ ಕಾರಣವಿರಬೇಕು.

ಸ್ಥಳಚಿತ್ರಗಳನ್ನು, ಎಂದರೆ ಒಂದು ಊರಿನ ಹೆಗ್ಗುರುತುಗಳನ್ನೂ ಸುತ್ತಣ ನಿಸರ್ಗವನ್ನೂ ತೋರಿಸಲೆಂದೇ ತೆಗೆದ ಛಾಯಾಚಿತ್ರಗಳನ್ನು, ಒಂದು ಪ್ರಕಾರವೆಂದು ಭಾವಿಸಿ ಅದರ ಲಕ್ಷಣಗಳನ್ನು ಗುರುತಿಸುವುದು ಈ ಲೇಖನದ ಉದ್ದೇಶ. ಇದಕ್ಕಾಗಿ ಕೊಚ್ಚಿ ಮತ್ತು ತಿರುವನಂತಪುರಗಳನ್ನು ಆರಿಸಿಕೊಂಡಿದ್ದೇವೆ. ಈ ಆಯ್ಕೆಗೆ ಎರಡು ಕಾರಣಗಳುಂಟು. ಒಂದು, ಭಾರತದಲ್ಲಿ ಇಷ್ಟೊಂದು ಬಾರಿ, ಇಷ್ಟೊಂದು ಒಂದೇ ಬಗೆಯಲ್ಲಿ ಚಿತ್ರಿತವಾಗಿರುವ ಊರುಗಳು ವಿರಳ. ಎರಡು, ರಾಜ್ಯದ ಹೊರಗಿದ್ದು ಕನ್ನಡದ ಕೆಲಸ ಮಾಡುವವರು ತಾವಿರುವ ನೆಲದ ಭಾಷೆ ಮತ್ತು ಪರಂಪರೆಗಳೊಡನೆ ಮಾತಿಗೆ ಇಳಿಯಬೇಕಾದುದು ಅನಿವಾರ್ಯ. ಹಾಗೆ ಇಳಿದಾಗ ನಮ್ಮ ಮಧ್ಯಕಾಲೀನ ಕಾವ್ಯದ ಪರಿಕಲ್ಪನೆಗಳು ಅನಿರೀಕ್ಷಿತ ಕಡೆಗಳಲ್ಲಿ ಉಪಯೋಗಕ್ಕೆ ಬರುತ್ತವೆ. ಸ್ಥಳಚಿತ್ರವು ಪುರವರ್ಣನೆಯ ಉತ್ತರಾಧಿಕಾರಿ, ಆದರೆ ವರ್ಣನೆಗೆ ಒದಗಿದ ಶಾಸ್ತ್ರ ಚಿತ್ರಕ್ಕೆ ಒದಗಲಿಲ್ಲ ಎಂಬುದು ನಮ್ಮ ಮುಖ್ಯ ಪ್ರಮೇಯ.

೨

ಮೊದಲು ಈ ಪ್ರಕಾರದ ಹುಟ್ಟನ್ನು ಗಮನಿಸಬೇಕು. ಇಂದು ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರ ನೆಗೆಟಿವ್ ತಯಾರಾದುದು ೧೮೩೫ರಲ್ಲಿ, ಇಂಗ್ಲೆಂಡಿನ ವಿಲ್ಟ್‌ಶೈರ್ ಪ್ರಾಂತದ ಲೇಕಾಕ್ ಎಂಬ ಹಳ್ಳಿಯಲ್ಲಿ. ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ತನ್ನ ಮನೆಯಾದ ಲೇಕಾಕ್ ಆಬಿಯ ಒಂದು ಕಿಟಕಿಯನ್ನು ಕಾಗದದ ಮೇಲೆ ಮೂಡಿಸಿದ. ೧೮೪೪ರಿಂದ ೧೮೪೬ರವರೆಗೆ ಬಿಡಿಬಿಡಿಯಾಗಿ ಹೊರಬಂದ ಅವನ 'ದಿ ಪೆನ್ಸಿಲ್ ಆಫ್ ನೇಚರ್' ಕೃತಿಯಲ್ಲಿ ಆ ಮನೆಯ ಮತ್ತು ಸುತ್ತಣ ನೆಲದ ನೋಟಗಳಿವೆ. ಛಾಯಾಚಿತ್ರ ಕಲೆಯ ಬಾಲ್ಯವೇ ಹೀಗೆ ಇಂಗ್ಲಿಷ್ ಹಳ್ಳಿಯೊಂದರ ಹೆಗ್ಗುರುತುಗಳೊಡನೆ ಹೆಣೆದುಕೊಂಡಿದೆ. ೧೮೬೦ರ ಸುಮಾರಿಗೆ ಫ್ರಾನ್ಸಿಸ್ ಫ್ರಿತ್ ರೈಗೇಟ್ ಎಂಬಲ್ಲಿ ಒಂದು ಸಂಸ್ಥೆ ಕಟ್ಟಿ, ಬ್ರಿಟನ್ನಿನ ಊರೂರುಗಳ ಚಿತ್ರ ತೆಗೆಸಿ ಮಾರತೊಡಗಿದ. ೧೮೯೭ರಲ್ಲಿ ಬೆಂಜಮಿನ್ ಸ್ಟೋನ್ ಎಂಬ ಸಂಸತ್ ಸದಸ್ಯ ರಾಷ್ಟ್ರೀಯ ಛಾಯಾಚಿತ್ರ ದಾಖಲೆ ಸಂಘವನ್ನು ಸ್ಥಾಪಿಸಿ, ಅಳಿಯುತ್ತಿರುವ ಕಟ್ಟಡ, ಆಚರಣೆಗಳ ಚಿತ್ರಗಳನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸುವ ಯೋಜನೆ ಹಾಕಿಕೊಂಡ.

ಇಗರ್ಜಿಯ ಗೋಪುರ, ಕಲ್ಲುಸೇತುವೆ, ಹುಲ್ಲುಮಾಡಿನ ಮನೆ, ಕೆರೆ, ಮರಗಳ ನಡುವಣ ಓಣಿ: ಈ ಐದಾರು ಅಂಗಗಳಿಂದ ಇಂಗ್ಲಿಷ್ ಹಳ್ಳಿಯ ಚಿತ್ರ ನಿರ್ಮಿತವಾಗುತ್ತದೆ. ಅದರಲ್ಲಿ ದುಡಿಯುವವನು ಇರುವುದಿಲ್ಲ. ಇದ್ದರೂ ದೂರದಲ್ಲಿ, ಕಟ್ಟಡದ ಎತ್ತರ ತಿಳಿಯಲೆಂದು ನಿಲ್ಲಿಸಿದ ಆಕೃತಿಯಾಗಿರುತ್ತಾನೆ. ಇಂಗ್ಲಿಷ್ ಸಾಹಿತ್ಯದ ಗ್ರಾಮಚಿತ್ರಣಗಳು ದುಡಿಮೆಯನ್ನೂ ಒಡೆತನದ ಸಂಬಂಧಗಳನ್ನೂ ಮರೆಮಾಡಿದ ಬಗೆಯನ್ನು ರೇಮಂಡ್ ವಿಲಿಯಮ್ಸ್ ೧೯೭೩ರ ತನ್ನ 'ದಿ ಕಂಟ್ರಿ ಅಂಡ್ ದ ಸಿಟಿ' ಕೃತಿಯಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾನೆ. ಸಾಹಿತ್ಯದ ಬಗ್ಗೆ ಅವನಾಡಿದ ಮಾತು ಚಿತ್ರಕ್ಕೂ ಸಲ್ಲುತ್ತದೆ.

ಟಾಲ್ಬಟ್‌ನ ಕಾಗದದ ನೆಗೆಟಿವ್ ವಿಧಾನ ಕನ್ನಡ ನಾಡಿಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪೆಯ ಅವಶೇಷಗಳನ್ನು ಇದೇ ಬಗೆಯ ದೊಡ್ಡ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ೧೮೬೬ರಲ್ಲಿ ಲಂಡನ್ನಿನಿಂದ ಪ್ರಕಟವಾದ 'ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್' ಗ್ರಂಥದಲ್ಲಿ ಪಿಗೂ, ನೀಲ್, ಬಿಗ್ಸ್ ಇವರ ಚಿತ್ರಗಳಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಟಿಪ್ಪಣಿ ಬರೆದರು. ಹಳೇಬೀಡು, ಹಂಪೆಗಳು ಹೊರಜಗತ್ತಿಗೆ ಮೊದಲು ಪರಿಚಯವಾದುದು ಬಹುಮಟ್ಟಿಗೆ ಈ ಚಿತ್ರಗಳ ಮೂಲಕ. ಇಂಗ್ಲಿಷ್ ಹಳ್ಳಿಯಿಂದ ಹೊರಟ ಈ ನೋಡುವ ಕ್ರಮ ಮೂರು ಅಭ್ಯಾಸಗಳನ್ನು ಜೊತೆಗೆ ತಂದಿತು: ಕಟ್ಟಡವನ್ನು ಬಳಕೆಯಿಂದ ಬಿಡಿಸಿ ನೋಡುವುದು, ಜನರನ್ನು ಅಳತೆಗೋಲಾಗಿಸುವುದು, ನಿರ್ಜನತೆಯನ್ನೇ ಸೌಂದರ್ಯವೆಂದು ಭಾವಿಸುವುದು.

೩

ಇದಕ್ಕೆ ಮುಂಚೆ ಊರನ್ನು ಕಾಣಿಸುವ ಕ್ರಮವೇ ನಮ್ಮಲ್ಲಿರಲಿಲ್ಲವೆಂದು ತಿಳಿಯಬಾರದು. ಮಹಾಕಾವ್ಯಕ್ಕೆ ವಿಹಿತವಾದ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರ, ಪರ್ವತ, ಪುರ, ಋತು, ಸೂರ್ಯೋದಯ, ಚಂದ್ರೋದಯ, ಉದ್ಯಾನ, ಜಲಕ್ರೀಡೆಗಳು ಸೇರಿವೆ. ಇಂದಿನ ಯಾವುದೇ ಪ್ರವಾಸಿ ಕೈಪಿಡಿಯ ಚಿತ್ರಗಳನ್ನು ಸಾಲಾಗಿ ಜೋಡಿಸಿದರೆ ಹೆಚ್ಚು ಕಡಿಮೆ ಇದೇ ಪಟ್ಟಿ ದೊರೆಯುತ್ತದೆ ಎಂಬುದು ಕುತೂಹಲಕರ. ಕೊಚ್ಚಿಯ ಸೂರ್ಯಾಸ್ತ, ಹಿನ್ನೀರಿನ ದೋಣಿವಿಹಾರ, ಕೋವಳದ ಕಡಲು, ಅಗಸ್ತ್ಯಕೂಟದ ಬೆಟ್ಟ: ಲಕ್ಷಣಕಾರರನ್ನು ಓದದ ಛಾಯಾಗ್ರಾಹಕ ಲಕ್ಷಣಬದ್ಧನಾಗಿಯೇ ಉಳಿದಿದ್ದಾನೆ.

ಪಂಪನ ಬನವಾಸಿ, ನೇಮಿಚಂದ್ರನ ಜಯಂತೀಪುರ, ಆಂಡಯ್ಯನ ಕನ್ನಡ ನಾಡು, ಹರಿಹರ ರಾಘವಾಂಕರ ಹಂಪೆ ಇವು ನಮಗೆ ಪರಿಚಿತ. ಕನಕದಾಸರ 'ಮೋಹನತರಂಗಿಣಿ'ಯ ದ್ವಾರಕೆಯಲ್ಲಿ ವಿಜಯನಗರದ ಬೀದಿಗಳು ಕಾಣಿಸಿಕೊಳ್ಳುತ್ತವೆ ಎಂಬುದನ್ನು ವಿದ್ವಾಂಸರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಕಾವ್ಯದ ಊರು ಪುರಾಣದ ಹೆಸರನ್ನು ಹೊತ್ತು ಕವಿಯ ಕಾಲದ ಅಂಗಡಿಗಳನ್ನು ತೋರಿಸುತ್ತದೆ. ಕೇರಳದ ಮಧ್ಯಕಾಲೀನ ಮಣಿಪ್ರವಾಳ ಸಾಹಿತ್ಯದಲ್ಲಿ ಇದಕ್ಕೆ ಸಮಾನವಾದ ಬೆಳವಣಿಗೆ ಇದೆ. ಹದಿನಾಲ್ಕನೆಯ ಶತಮಾನಕ್ಕೆ ಸೇರಿದ 'ಅನಂತಪುರವರ್ಣನಂ' ಹೆಸರೇ ಸೂಚಿಸುವಂತೆ ತಿರುವನಂತಪುರವನ್ನೇ ವಸ್ತುವಾಗುಳ್ಳ ಕೃತಿ. ಅದರಲ್ಲಿ ದೇವಾಲಯ, ತೀರ್ಥಗಳು ಮಾತ್ರವಲ್ಲದೆ ಅಂಗಡಿಬೀದಿಯೂ ಬರುತ್ತದೆ. ಅದೇ ಶತಮಾನದ 'ಉಣ್ಣುನೀಲಿ ಸಂದೇಶಂ' ಸಂದೇಶವಾಹಕನನ್ನು ತಿರುವನಂತಪುರದಿಂದ ಕಡುತ್ತುರುತ್ತಿಗೆ ಕಳುಹಿಸುತ್ತದೆ. ದಾರಿಯುದ್ದಕ್ಕೂ ಕಾಣಬೇಕಾದ ಸ್ಥಳಗಳನ್ನು ಒಂದರ ಬಳಿಕ ಒಂದಾಗಿ ಹೇಳುವ ಈ ಕಾವ್ಯವನ್ನು ಹೆಗ್ಗುರುತುಗಳ ಮಾಲೆಯೆಂದೇ ಕರೆಯಬಹುದು.

ವರ್ಣನೆಗೂ ಚಿತ್ರಕ್ಕೂ ಇರುವ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ಸಂದೇಶಕಾವ್ಯದಲ್ಲಿ ನೋಡುವವನು ನಡೆಯುತ್ತಿರುತ್ತಾನೆ. ಸ್ಥಳಗಳ ನಡುವೆ ದಾರಿ, ಹೊತ್ತು, ದಣಿವುಗಳಿರುತ್ತವೆ. ಚಿತ್ರದಲ್ಲಿ ನೋಡುವವನು ಒಂದೆಡೆ ನಿಂತಿರುತ್ತಾನೆ, ದಾರಿ ಅಳಿಸಿಹೋಗಿರುತ್ತದೆ. ವರ್ಣನೆಯ ಊರಿನಲ್ಲಿ ಗದ್ದಲವಿದೆ, ಬೆಲೆ ಕೇಳುವವರಿದ್ದಾರೆ. ಚಿತ್ರದ ಊರು ಬೆಳಗಿನ ಆರು ಗಂಟೆಯ ಊರು. ಆದರೆ ಈ ಹೋಲಿಕೆಯಿಂದ ಹಳೆಯದೆಲ್ಲ ಸಮಗ್ರ, ಹೊಸದೆಲ್ಲ ಖಂಡಿತ ಎಂಬ ನಿರ್ಣಯಕ್ಕೆ ಧಾವಿಸುವುದು ಸರಿಯಲ್ಲ. ವರ್ಣನೆಯೂ ಆಯ್ಕೆಯೇ. ಪುರವರ್ಣನೆಯಲ್ಲಿ ಬೆಲೆವೆಣ್ಣುಗಳ ಕೇರಿಗೆ ಸ್ಥಾನವಿದೆ, ಹೊಲಗೇರಿಗೆ ಸ್ಥಾನವಿರುವುದು ಅಪೂರ್ವ. ಚಿತ್ರ ಏನನ್ನು ಬಿಟ್ಟಿದೆ ಎಂದು ಕೇಳುವ ವಿಮರ್ಶಕ, ಕಾವ್ಯ ಏನನ್ನು ಬಿಟ್ಟಿತ್ತು ಎಂದೂ ಕೇಳಬೇಕು. ವ್ಯತ್ಯಾಸವಿರುವುದು ಓದುಗನ ನಿಲುವಿನಲ್ಲಿ. ವರ್ಣನೆಯನ್ನು ಓದುವವನಿಗೆ ಅದು ಕವಿಸಮಯವೆಂದು ತಿಳಿದಿರುತ್ತದೆ. ಚಿತ್ರವನ್ನು ನೋಡುವವನು ಅದು ಊರೇ ಎಂದು ನಂಬುತ್ತಾನೆ.

೪

ತಿರುವನಂತಪುರದ ಆರಂಭಕಾಲದ ಸ್ಥಳಚಿತ್ರಗಳಲ್ಲಿ ಜಕರಿಯಾಸ್ ಡಿಕ್ರೂಜ್ ತೆಗೆದವು ಮುಖ್ಯವಾದುವು. ತಿರುವಾಂಕೂರು ಸಂಸ್ಥಾನಕ್ಕಾಗಿ ೧೯೦೦ರ ಸುಮಾರಿನಲ್ಲಿ ಅವನು ತೆಗೆದ ನೋಟಗಳು ವೈಸರಾಯ್ ಕರ್ಜನ್ನನ ಸಂಗ್ರಹದ ಭಾಗವಾಗಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ವಸಾಹತುಶಾಹಿ ಕಣ್ಣು ಎಂಬ ಸಿದ್ಧ ಪರಿಭಾಷೆಯಿಂದ ಈ ಚಿತ್ರಗಳನ್ನು ವಿವರಿಸಲು ಹೊರಟರೆ ತೊಡಕಾಗುತ್ತದೆ. ಚಿತ್ರ ತೆಗೆದವನು ಹೊರಗಿನಿಂದ ಬಂದ ಸೇನಾಧಿಕಾರಿಯಲ್ಲ. ದೇಶೀ ಸಂಸ್ಥಾನದ ಸೇವೆಯಲ್ಲಿದ್ದವನು. ಚಿತ್ರಗಳ ಹಿಂದಿರುವ ಆಶಯವೂ ಅವಶೇಷಗಳ ವೈಭವವನ್ನು ತೋರಿಸುವುದಲ್ಲ. ವಸ್ತುಸಂಗ್ರಹಾಲಯ, ಕಚೇರಿಗಳು, ಅಗಲವಾದ ರಸ್ತೆಗಳು, ಕಾಲುವೆ ಇವು ಅಲ್ಲಿ ಪ್ರಧಾನ. ಮಾದರಿ ಸಂಸ್ಥಾನವೆಂದು ಹೆಸರು ಪಡೆದಿದ್ದ ತಿರುವಾಂಕೂರು ತನ್ನನ್ನು ತಾನು ಸಾರ್ವಭೌಮ ಸತ್ತೆಗೆ ಹೇಗೆ ತೋರಿಸಿಕೊಳ್ಳಬಯಸಿತು ಎಂಬುದಕ್ಕೆ ಇವು ದಾಖಲೆ. ನಮ್ಮ ಕಾವ್ಯಗಳ ಆಶ್ರಯದಾತ ಪ್ರಶಸ್ತಿಗೆ ಇದು ತೀರ ಹತ್ತಿರದ್ದು.

ರಾಬರ್ಟ್ ಚಿಜಂ ರೂಪಿಸಿ ೧೮೮೦ರಲ್ಲಿ ಪೂರ್ಣಗೊಂಡ ನೇಪಿಯರ್ ಮ್ಯೂಸಿಯಂ ಕಟ್ಟಡ ಇದಕ್ಕೆ ಒಳ್ಳೆಯ ಉದಾಹರಣೆ. ಕೇರಳದ ಇಳಿಜಾರು ಮಾಡು ಮತ್ತು ಮುಖಮಂಟಪಗಳನ್ನು ಇಂಡೋ-ಸಾರಸನಿಕ್ ಎಂದು ಕರೆಯಲಾಗುವ ಶೈಲಿಯೊಡನೆ ಬೆರೆಸಿದ ಈ ಕಟ್ಟಡದ ವಿಶೇಷವಿರುವುದು ಬಣ್ಣಬಣ್ಣದ ಪಟ್ಟೆಗಳಲ್ಲಿ. ಕಪ್ಪು ಬಿಳುಪಿನ ಚಿತ್ರದಲ್ಲಿ ಬಣ್ಣ ಅಳಿದು ಆಕಾರ ಮಾತ್ರ ಉಳಿಯುತ್ತದೆ. ಕಟ್ಟಡ ಇರುವುದಕ್ಕಿಂತ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಸ್ವಾತಿ ತಿರುನಾಳ್ ಕಟ್ಟಿಸಿದ ಕುದಿರಮಾಳಿಗೆಯ ಸೂರಿನಡಿಯ ೧೨೨ ಮರದ ಕುದುರೆಗಳ ವಿಷಯದಲ್ಲಿ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಬರಿಗಣ್ಣಿಗೆ ಎತ್ತರದಲ್ಲಿ ಮಸುಕಾಗಿ ಕಾಣುವ ಕೆತ್ತನೆಯನ್ನು ಚಿತ್ರ ಹತ್ತಿರಕ್ಕೆ ತಂದು ಕೊಡುತ್ತದೆ. ಚಿತ್ರ ಕಳೆಯುವುದೂ ಉಂಟು, ಕೂಡಿಸುವುದೂ ಉಂಟು.

ಆದರೆ ಈ ಚಿತ್ರಗಳಲ್ಲಿ ವಿಮರ್ಶಕನನ್ನು ತಡೆದು ನಿಲ್ಲಿಸಬೇಕಾದುದು ಕಟ್ಟಡಗಳಲ್ಲ, ರಸ್ತೆಗಳು. ಶುಚಿಯಾದ, ಮರಗಳ ನೆರಳಿನ, ಬಹುಪಾಲು ಖಾಲಿಯಾದ ರಸ್ತೆ ಆ ಕಾಲದ ಸ್ಥಳಚಿತ್ರದ ಪ್ರಿಯವಾದ ವಸ್ತು. ಇಂಗ್ಲಿಷ್ ಹಳ್ಳಿಯ ಓಣಿ ಇಲ್ಲಿ ರಾಜಮಾರ್ಗವಾಗಿದೆ. ೧೮೯೩ರಲ್ಲಿ ತಿರುವನಂತಪುರಕ್ಕೆ ಹತ್ತಿರದ ವೆಂಗಾನೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿಯೇರಿ ಸಾರ್ವಜನಿಕ ರಸ್ತೆಯಲ್ಲಿ ಹೋದುದು ಇತಿಹಾಸದ ಘಟನೆಯಾಯಿತು. ಪುಲಯ ಸಮುದಾಯದವನೊಬ್ಬ ರಸ್ತೆಯ ಮೇಲೆ ಗಾಡಿ ಹೊಡೆಯುವುದೇ ಪ್ರತಿಭಟನೆಯಾಗುವಂಥ ಕಾಲ ಅದು. ಡಿಕ್ರೂಜ್‌ನ ಚಿತ್ರಗಳು ಈ ಘಟನೆಯ ಏಳೆಂಟು ವರ್ಷಗಳ ಅನಂತರದವು. ಮುಂದೆ ೧೯೨೪-೨೫ರ ವೈಕಂ ಸತ್ಯಾಗ್ರಹ ನಡೆದುದು ದೇವಾಲಯ ಪ್ರವೇಶಕ್ಕಲ್ಲ, ದೇವಾಲಯದ ಸುತ್ತಣ ರಸ್ತೆಗಳಲ್ಲಿ ನಡೆಯುವ ಹಕ್ಕಿಗಾಗಿ. ಈ ಸಂಗತಿಗಳನ್ನು ಬದಿಗಿಟ್ಟುಕೊಂಡು ನೋಡಿದಾಗ ಖಾಲಿ ರಸ್ತೆಯ ಚಿತ್ರ ಸೌಂದರ್ಯದ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. ಆ ರಸ್ತೆ ಯಾರಿಗೆ ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಂಬುದನ್ನು ಚಿತ್ರ ಹೇಳದು. ಅದನ್ನು ಚಿತ್ರದ ಹೊರಗಿನಿಂದ ತಂದು ಓದಬೇಕಾಗುತ್ತದೆ.

ಪದ್ಮನಾಭಸ್ವಾಮಿ ದೇವಾಲಯದ ಏಳು ನೆಲೆಯ ಗೋಪುರದ ಚಿತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಪದ್ಮತೀರ್ಥದ ಆಚೆ ದಡದಿಂದ, ನೀರಿನಲ್ಲಿ ಗೋಪುರದ ಪ್ರತಿಬಿಂಬ ಬೀಳುವಂತೆ ತೆಗೆದ ಆ ನೋಟ ನಗರದ ಮುದ್ರೆಯೇ ಆಗಿದೆ. ೧೯೩೬ರ ನವೆಂಬರ್ ೧೨ರಂದು ಹೊರಟ ದೇವಾಲಯ ಪ್ರವೇಶ ಘೋಷಣೆಯವರೆಗೆ ಅವರ್ಣರಿಗೆ ಒಳಗೆ ಪ್ರವೇಶವಿರಲಿಲ್ಲ. ದೇಹ ಹೋಗಲಾಗದ ಕಡೆಗೆ ಚಿತ್ರದ ಅಂಚೆಕಾರ್ಡು ಹೋಗಬಲ್ಲುದಾಗಿತ್ತು; ಗೋಪುರವನ್ನು ಯಾರ ಕೈಗಾದರೂ ತಲುಪಿಸಬಲ್ಲುದಾಗಿತ್ತು. ಉಡುಪಿಯ ಕನಕನ ಕಿಂಡಿಯ ಐತಿಹ್ಯ ಇಲ್ಲಿ ನೆನಪಾಗುವುದು ಸಹಜ. ಅಲ್ಲಿ ಹೊರಗೆ ನಿಂತ ಭಕ್ತನ ಕಡೆಗೆ ದೇವರೇ ತಿರುಗಿದನೆಂಬುದು ಪ್ರತೀತಿ. ಚಿತ್ರ ಅಂಥ ಪವಾಡವನ್ನೇನೂ ಮಾಡುವುದಿಲ್ಲ. ಅದು ಗೋಪುರವನ್ನು ಕೊಡುತ್ತದೆ, ಗರ್ಭಗೃಹವನ್ನು ಕೊಡುವುದಿಲ್ಲ. ಆದರೂ ನೋಟವನ್ನು ಜಾತಿಯ ನಿಯಂತ್ರಣದಿಂದ ಕೊಂಚವಾದರೂ ಬಿಡಿಸಿತೆಂಬ ಕಾರಣಕ್ಕೆ ಸ್ಥಳಚಿತ್ರಕ್ಕೆ ಒಂದು ವಿಮೋಚಕ ಗುಣವೂ ಇದೆಯೆಂದು ನಾವು ಭಾವಿಸುತ್ತೇವೆ. ಯಜಮಾನಿಕೆಯ ಸಾಧನವೆಂದು ಮಾತ್ರ ಅದನ್ನು ಬಣ್ಣಿಸುವುದು ಅರ್ಧಸತ್ಯ.

೫

ಕೊಚ್ಚಿಯ ಪ್ರಶ್ನೆ ಬೇರೆ ತೆರನದು. ಅಲ್ಲಿನ ಹೆಗ್ಗುರುತುಗಳು ಬಹುಮಟ್ಟಿಗೆ ಇಲ್ಲದಿರುವುದರ ಗುರುತುಗಳು. ಫೋರ್ಟ್ ಕೊಚ್ಚಿಯಲ್ಲಿ ಕೋಟೆಯಿಲ್ಲ. ಪೋರ್ಚುಗೀಸರ ಇಮ್ಯಾನುಯಲ್ ಕೋಟೆಯನ್ನು ಬ್ರಿಟಿಷರು ೧೮೦೬ರಲ್ಲಿ ಕೆಡವಿದರು. ಸೇಂಟ್ ಫ್ರಾನ್ಸಿಸ್ ಇಗರ್ಜಿಯಲ್ಲಿ ಜನ ಚಿತ್ರ ತೆಗೆಯುವುದು ವಾಸ್ಕೋ ಡ ಗಾಮನ ಸಮಾಧಿಯದು. ೧೫೨೪ರಲ್ಲಿ ಅಲ್ಲಿ ಹೂಳಿದ ದೇಹವನ್ನು ೧೫೩೯ರಲ್ಲೇ ಪೋರ್ಚುಗಲ್ಲಿಗೆ ಒಯ್ಯಲಾಯಿತು. ಮಟ್ಟಾಂಚೇರಿಯ ಪರದೇಶಿ ಯೆಹೂದಿ ಪ್ರಾರ್ಥನಾಮಂದಿರ ೧೫೬೮ರದು. ಅಲ್ಲಿ ಪ್ರಾರ್ಥಿಸುತ್ತಿದ್ದ ಸಮುದಾಯದ ಬಹುಪಾಲು ಇಸ್ರೇಲ್ ಸ್ಥಾಪನೆಯ ಬಳಿಕ ವಲಸೆಹೋಯಿತು. ಡಚ್ಚರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಮಟ್ಟಾಂಚೇರಿ ಅರಮನೆಯನ್ನು ಮೊದಲು ಕಟ್ಟಿಕೊಟ್ಟವರು ಪೋರ್ಚುಗೀಸರು. ಹೀಗೆ ಹೆಸರಿಗೂ ವಸ್ತುವಿಗೂ ನಡುವೆ ಇರುವ ಬಿರುಕನ್ನು ಚಿತ್ರಗಳು ಮುಚ್ಚುತ್ತವೆ. ಚಿತ್ರದಲ್ಲಿ ಕಾಣುವುದು ಇದೆ ಎಂದೇ ನೋಡುವವನ ಭಾವನೆಯಾದ್ದರಿಂದ ಅಭಾವವೂ ಅಲ್ಲಿ ಭಾವವಾಗುತ್ತದೆ.

ನಿಸರ್ಗದೃಶ್ಯದ ವಿಷಯವೂ ಹೀಗೆಯೇ. ಕೊಚ್ಚಿಯ ಹಿನ್ನೀರಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ವಿಲಿಂಗ್ಡನ್ ದ್ವೀಪ ನಿಸರ್ಗದ್ದಲ್ಲ. ರಾಬರ್ಟ್ ಬ್ರಿಸ್ಟೋ ಎಂಬ ಇಂಜಿನಿಯರನ ನೇತೃತ್ವದಲ್ಲಿ ಬಂದರಿಗಾಗಿ ಹೂಳೆತ್ತಿದಾಗ ದೊರೆತ ಮಣ್ಣಿನಿಂದ ಅದು ೧೯೨೦-೩೦ರ ದಶಕಗಳಲ್ಲಿ ರೂಪುಗೊಂಡಿತು. ಅನಾದಿಯೆಂಬಂತೆ ಕಾಣುವ ನೋಟಕ್ಕೆ ನೂರು ವರ್ಷವೂ ತುಂಬಿಲ್ಲ.

ಚೀನೀ ಬಲೆಗಳ ಚಿತ್ರವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಕೇರಳವೆಂದರೆ ಮೊದಲು ನೆನಪಿಗೆ ಬರುವ ಚಿತ್ರ ಇದು. ೧೯೮೦ರ ದಶಕದ ಕೊನೆಯಲ್ಲಿ ರಾಜ್ಯದ ಪ್ರವಾಸೋದ್ಯಮ ತನ್ನನ್ನು ದೇವರ ಸ್ವಂತ ನಾಡೆಂದು ಕರೆದುಕೊಳ್ಳತೊಡಗಿದ ಮೇಲೆ ಇದು ಇನ್ನಷ್ಟು ಹಬ್ಬಿತು. ಇದರ ಶಿಲ್ಪ ಮೆಚ್ಚತಕ್ಕದ್ದು. ನೀರಿನ ಸಮರೇಖೆಯ ಮೇಲೆ ಓರೆಯಾಗಿ ಚಾಚಿದ ಮರದ ತೊಲೆಗಳು, ಅವುಗಳ ತುದಿಯಿಂದ ತೊಟ್ಟಿಲಿನಂತೆ ಇಳಿಬಿದ್ದ ಬಲೆ, ಹಿಂದೆ ಮುಳುಗುವ ಸೂರ್ಯ: ಇಷ್ಟು ಕಡಿಮೆ ಅಂಗಗಳಿಂದ ಇಷ್ಟು ಪೂರ್ಣವಾದ ಆಕೃತಿ ದೊರೆಯುವುದು ಅಪರೂಪ. ಜನ ಇದನ್ನು ಮತ್ತೆ ಮತ್ತೆ ತೆಗೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಸೂರ್ಯನಿಗೆ ಎದುರಾಗಿ ತೆಗೆದಾಗ ಬಲೆ ಎಳೆಯುವವರು ಕಪ್ಪು ನೆರಳುಗಳಾಗುತ್ತಾರೆ. ಒಂದೊಂದು ಬಲೆಯನ್ನೂ ನಾಲ್ಕಾರು ಮಂದಿ ಕೂಡಿ ಇಳಿಸಿ ಎತ್ತುತ್ತಾರೆ. ತೊಲೆಯ ಇನ್ನೊಂದು ತುದಿಗೆ ಹಗ್ಗದಲ್ಲಿ ಕಟ್ಟಿದ ಕಲ್ಲುಗಳು ಬಲೆಯ ಭಾರಕ್ಕೆ ಎದುರು ಭಾರವಾಗಿ ತೂಗುತ್ತವೆ. ಈ ಕಲ್ಲುಗಳಿರುವುದು ದಡದ ಕಡೆಗೆ. ಪ್ರವಾಸಿಯ ಕ್ಯಾಮರ ಮುಖ ಮಾಡಿರುವುದು ನೀರಿನ ಕಡೆಗೆ. ಆದ್ದರಿಂದ ಯಂತ್ರದ ಅರ್ಧ ಭಾಗ, ಅದರಲ್ಲೂ ಅದು ಕೆಲಸ ಮಾಡುವ ಬಗೆಯನ್ನು ತಿಳಿಸುವ ಭಾಗ, ಹೆಚ್ಚಿನ ಚಿತ್ರಗಳಲ್ಲಿ ಬರುವುದೇ ಇಲ್ಲ. ಎಷ್ಟು ಮೀನು ಸಿಕ್ಕಿತು ಎಂಬುದಂತೂ ದೂರ ಉಳಿಯಿತು. ದುಡಿಮೆಯ ಸಲಕರಣೆ ಅಲಂಕಾರವಾಗುವ ಪ್ರಕ್ರಿಯೆ ಇದು. ಇಂಗ್ಲಿಷ್ ಹಳ್ಳಿಯ ಚಿತ್ರಗಳಲ್ಲಿ ನೀರಗಿರಣಿಗೆ ಆದುದೂ ಇದೇ.

ಬಲೆಗಳಿಂದ ಸ್ವಲ್ಪ ದೂರದಲ್ಲಿ ಮಟ್ಟಾಂಚೇರಿಯ ಗೋದಾಮುಗಳ ಸಾಲಿದೆ. ಮೆಣಸು, ಶುಂಠಿಗಳ ವ್ಯಾಪಾರದ ಈ ಹಳೆಯ ಗೋಡೆಗಳು ಇಂದು ಚಿತ್ರಗಳಿಗೆ ಒಳ್ಳೆಯ ಹಿನ್ನೆಲೆ. ೨೦೧೨ರ ಡಿಸೆಂಬರಿನಲ್ಲಿ ಆರಂಭವಾದ ಕೊಚ್ಚಿ-ಮುಜಿರಿಸ್ ಬಿನಾಲೆ ಆಸ್ಪಿನ್‌ವಾಲ್ ಹೌಸಿನಂಥ ಕಟ್ಟಡಗಳನ್ನು ಕಲಾಪ್ರದರ್ಶನದ ತಾಣಗಳಾಗಿಸಿದ ಮೇಲೆ ಬಣ್ಣ ಉದುರಿದ ಗೋಡೆಗೇ ಒಂದು ಸೌಂದರ್ಯಮೌಲ್ಯ ಬಂದಿತು. ಇದೇ ಪರಿಸರದಲ್ಲಿ ಹಿಂದೆ ಚಾಪ್ಪ ಎಂಬ ಪದ್ಧತಿ ನಡೆಯುತ್ತಿತ್ತು. ಕೂಲಿಗಾಗಿ ಬಂದ ಬಂದರು ಕಾರ್ಮಿಕರ ಗುಂಪಿನ ಮೇಲೆ ಲೋಹದ ಬಿಲ್ಲೆಗಳನ್ನು ಎಸೆಯಲಾಗುತ್ತಿತ್ತು. ಹೊಡೆದಾಡಿ ಬಿಲ್ಲೆ ಹಿಡಿದವನಿಗೆ ಆ ದಿನದ ಕೆಲಸ. ಇದರ ವಿರುದ್ಧ ೧೯೫೩ರಲ್ಲಿ ನಡೆದ ಹೋರಾಟದ ಮೇಲೆ ಪೊಲೀಸರು ಗುಂಡು ಹಾರಿಸಿದರು, ಕಾರ್ಮಿಕರು ಸತ್ತರು. ೨೦೨೩ರಲ್ಲಿ ತೆರೆಕಂಡ ರಾಜೀವ್ ರವಿ ನಿರ್ದೇಶನದ 'ತುರಮುಖಂ' ಚಲನಚಿತ್ರ ಈ ವಸ್ತುವನ್ನೇ ಎತ್ತಿಕೊಂಡಿದೆ. ಒಂದೇ ಗೋಡೆ ಸ್ಥಳಚಿತ್ರದಲ್ಲಿ ಹಿನ್ನೆಲೆ, ಕಥನದಲ್ಲಿ ಸಾಕ್ಷಿ. ಸ್ಥಳಚಿತ್ರ ತನ್ನಷ್ಟಕ್ಕೆ ಈ ಎರಡನೆಯ ಕೆಲಸ ಮಾಡಲಾರದು ಎಂಬುದೇ ಅದರ ಮಿತಿ.

ಆದರೂ ಸ್ಥಳಚಿತ್ರ ತಾನು ಉದ್ದೇಶಿಸದ ಸಾಕ್ಷ್ಯವನ್ನು ನುಡಿಯುವ ಸಂದರ್ಭಗಳಿವೆ. ವಲ್ಲಾರ್‌ಪಾಡಂ ಕಂಟೈನರ್ ಬಂದರಿನ ಸಂಪರ್ಕ ಮಾರ್ಗಗಳಿಗಾಗಿ ೨೦೦೮ರಲ್ಲಿ ಮೂಲಂಪಿಳ್ಳಿಯ ಮನೆಗಳನ್ನು ತೆರವು ಮಾಡಿಸಲಾಯಿತು. ತಿರುವನಂತಪುರದ ಶಂಖುಮುಖ ತೀರದ ಮರಳುದಂಡೆ ಈಚಿನ ವರ್ಷಗಳಲ್ಲಿ ಬಹಳಷ್ಟು ಕೊರೆದುಹೋಗಿದೆ. ತೀರದ ಮೀನುಗಾರರು ೨೦೨೨ರಲ್ಲಿ ವಿಳಿಂಜಂ ಬಂದರಿನ ನಿರ್ಮಾಣದ ವಿರುದ್ಧ ದೀರ್ಘವಾಗಿ ಪ್ರತಿಭಟಿಸಿದಾಗ ತೀರದ ಸವೆತವೇ ಅವರ ಮುಖ್ಯ ದೂರಾಗಿತ್ತು. ಸವೆತದ ಕಾರಣಗಳ ಬಗ್ಗೆ ವಾದಗಳಿವೆ. ಆ ವಾದದ ನಿರ್ಣಯ ನಮ್ಮ ಶಾಸ್ತ್ರದ ವ್ಯಾಪ್ತಿಗೆ ಸೇರಿದ್ದಲ್ಲ. ಆದರೆ ತೀರ ಎಲ್ಲಿಯವರೆಗೆ ಇತ್ತು ಎಂಬ ಪ್ರಶ್ನೆಗೆ, ಸಂಜೆಯ ಸೊಗಸಿಗಾಗಿ ಯಾರೋ ತೆಗೆದ ಹಳೆಯ ಚಿತ್ರ ಉತ್ತರ ಕೊಡಬಲ್ಲುದು. ಅದಕ್ಕೆ ಒಂದು ಷರತ್ತು ಇದೆ: ಅದರ ಹಿಂಬದಿಯಲ್ಲಿ ದಿನಾಂಕವಿರಬೇಕು, ಛಾಯಾಗ್ರಾಹಕ ನಿಂತ ಜಾಗ ತಿಳಿದಿರಬೇಕು. ತಾರೀಕಿಲ್ಲದ ಚೆಲುವಾದ ಚಿತ್ರ ಮೀನುಗಾರನ ಪಾಲಿಗೆ ನಿರುಪಯುಕ್ತ.

೬

ಇಲ್ಲಿಂದ ಅಡಿಬರಹದ ಪ್ರಶ್ನೆಗೆ ಬರಬಹುದು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಕಾಲ, ಪ್ರತಿ ಮಾಡಿಸಿದವರ ವಿವರ ಬರೆಯುತ್ತಾನೆ. ಚಿತ್ರಕ್ಕೆ ಅಡಿಬರಹ ಆ ಸ್ಥಾನದಲ್ಲಿದೆ. ಅದು ಬದಲಾದರೆ ಚಿತ್ರವೇ ಬದಲಾಗುತ್ತದೆ. ೨೦೧೧ರಲ್ಲಿ ಪದ್ಮನಾಭಸ್ವಾಮಿ ದೇವಾಲಯದ ನೆಲಮಾಳಿಗೆಗಳ ಸಂಪತ್ತಿನ ಸುದ್ದಿ ಹರಡಿದಾಗ ಪತ್ರಿಕೆಗಳು ಅಚ್ಚುಹಾಕಿದ್ದು ಅದೇ ಗೋಪುರದ ನೋಟವನ್ನು. ತಲೆಮಾರುಗಳ ಕಾಲ ಭಕ್ತಿಯ, ರಾಜ್ಯದ ಲಾಂಛನವಾಗಿದ್ದ ಚಿತ್ರ ಕೆಲವೇ ದಿನಗಳಲ್ಲಿ ನಿಧಿಯ ಚಿತ್ರವಾಯಿತು.

ಕನ್ನಡಿಗರಿಗೆ ಈ ಪ್ರಶ್ನೆ ಕಾಸರಗೋಡಿನಲ್ಲಿ ಇನ್ನೂ ಹತ್ತಿರವಾಗುತ್ತದೆ. ಕುಂಬಳೆಯ ಬಳಿಯ ಅನಂತಪುರದ ಸರೋವರ ದೇವಾಲಯ ತಿರುವನಂತಪುರದ ಪದ್ಮನಾಭನ ಮೂಲಸ್ಥಾನವೆಂದು ನಂಬಿಕೆಯಿದೆ. ನೀರಿನ ನಡುವಣ ಆ ಗುಡಿಯ ಚಿತ್ರಗಳು ದೇಶದಾದ್ಯಂತ ಹರಡಿದುದು ಬಹುಮಟ್ಟಿಗೆ ಅಲ್ಲಿದ್ದ ಬಬಿಯಾ ಎಂಬ ಮೊಸಳೆಯಿಂದಾಗಿ; ೨೦೨೨ರ ಅಕ್ಟೋಬರಿನಲ್ಲಿ ಅದು ಸತ್ತಾಗ ಬಂದ ಸುದ್ದಿಗಳಲ್ಲಿ ತುಳು, ಕನ್ನಡ ಪರಿಸರದ ಆ ಕ್ಷೇತ್ರ ಕೇರಳದ ಒಂದು ದೇವಾಲಯವೆಂದಷ್ಟೇ ಗುರುತಿಸಿಕೊಂಡಿತು. ಬೇಕಲ ಕೋಟೆಯ ಸ್ಥಿತಿಯೂ ಇಂಥದೇ. ಹದಿನೇಳನೆಯ ಶತಮಾನದ ಈ ಕೋಟೆ ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ಸೇರಿದ್ದು. ಕೆಳದಿ ಅರಸರ ಚರಿತ್ರೆಯನ್ನು ಲಿಂಗಣ್ಣ ಕವಿ 'ಕೆಳದಿನೃಪವಿಜಯ'ದಲ್ಲಿ ಕಾವ್ಯವಾಗಿಸಿದ್ದಾನೆ. ಆದರೆ ಬೇಕಲದ ಬುರುಜು ಹೊರಗಿನವರ ಕಣ್ಣಲ್ಲಿ ನೆಲೆಯೂರಿದುದು ೧೯೯೫ರ 'ಬಾಂಬೆ' ಚಲನಚಿತ್ರದ ಹಾಡಿನ ದೃಶ್ಯದಿಂದ. ಚಿತ್ರ ಒಂದೇ, ಅದರ ಅಡಿಯಲ್ಲಿ ಕೆಳದಿಯ ಹೆಸರು ಇರುವುದು, ಇಲ್ಲದಿರುವುದು ಎರಡು ಬೇರೆ ಪಾಠಗಳು. ಇದನ್ನು ಭಾಷಾಭಿಮಾನದ ದೂರಾಗಿ ಹೇಳುತ್ತಿಲ್ಲ. ಪಾಠವೊಂದು ಲೋಪಗೊಂಡಾಗ ಅದನ್ನು ಗುರುತಿಸುವುದು ಸಂಪಾದಕನ ಕರ್ತವ್ಯವೆಂಬ ಅರ್ಥದಲ್ಲಿ ಹೇಳುತ್ತಿದ್ದೇವೆ.

ಕೊಚ್ಚಿಯಲ್ಲೇ ಇದಕ್ಕೆ ಒಂದು ಉತ್ತಮ ಪೂರ್ವನಿದರ್ಶನವಿದೆ. ಡಚ್ ಗವರ್ನರ್ ವಾನ್ ರೀಡೆಯ ಆಶ್ರಯದಲ್ಲಿ ಸಿದ್ಧವಾಗಿ ೧೬೭೮ರಿಂದ ೧೬೯೩ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದ ಸಸ್ಯಚಿತ್ರಗಳಲ್ಲಿ ಗಿಡದ ಹೆಸರನ್ನು ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ ಕೊಡಲಾಗಿದೆ. ಇಟ್ಟಿ ಅಚ್ಯುತನ್ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ತಾವು ನೀಡಿದ ಮಾಹಿತಿಗೆ ಹೆಸರು ಹೇಳಿ ಪ್ರಮಾಣಪತ್ರ ಬರೆದುಕೊಟ್ಟಿದ್ದಾರೆ. ಮೂರು ಶತಮಾನಗಳ ಹಿಂದೆ ಒಂದು ಗಿಡದ ಚಿತ್ರಕ್ಕೆ ದೊರೆತ ಈ ಎಚ್ಚರ ಇಂದು ಒಂದು ಊರಿನ ಚಿತ್ರಕ್ಕೆ ದೊರೆಯುತ್ತಿಲ್ಲ.

ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯ ಮೂಲಕ ನಮ್ಮ ವಿದ್ವತ್ತಿಗೆ ಕರಗತವಾದ ಶಿಸ್ತನ್ನು ಚಿತ್ರಗಳಿಗೂ ವಿಸ್ತರಿಸುವುದು ಸಾಧ್ಯ ಮತ್ತು ಅ‌ಗತ್ಯ. ಅದಕ್ಕೆ ನಾಲ್ಕು ಪ್ರಶ್ನೆಗಳು ಸಾಕು. ಚಿತ್ರವನ್ನು ತೆಗೆದವರು ಯಾರು, ತೆಗೆಸಿದವರು ಯಾರು? ಕಾಲ ಯಾವುದು? ನಿಂತ ನೆಲೆ ಯಾವುದು, ಆ ನೆಲೆ ಆ ಕಾಲದಲ್ಲಿ ಯಾರಿಗೆ ಲಭ್ಯವಿತ್ತು? ನಮ್ಮ ಕೈಲಿರುವುದು ಮೂಲವೋ, ಕತ್ತರಿಸಿದ, ಬಣ್ಣ ಹಚ್ಚಿದ, ಅಡಿಬರಹ ಬದಲಿಸಿದ ಪ್ರತಿಯೋ? ಹಂಪೆಯ ವಿಷಯದಲ್ಲಿ ಇಂಥ ಕೆಲಸದ ಫಲ ನಮ್ಮ ಮುಂದಿದೆ. ಗ್ರೀನ್‌ಲಾ ೧೮೫೬ರಲ್ಲಿ ನಿಂತ ಜಾಗಗಳಲ್ಲೇ ನಿಂತು ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ೧೯೮೩ರಲ್ಲಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ ಯಾವ ಕಂಬ ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಲಾಗಿದೆ, ಯಾವ ಗಾರೆಗೆಲಸ ಉದುರಿದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ನಿಂತ ನೆಲೆ ತಿಳಿದಿದ್ದರಿಂದಲೇ ಇದು ಸಾಧ್ಯವಾಯಿತು.

ಡಿಕ್ರೂಜ್ ನಿಂತ ರಸ್ತೆಗಳಲ್ಲಿ, ಪದ್ಮತೀರ್ಥದ ದಡದಲ್ಲಿ, ಶಂಖುಮುಖದ ಮರಳಿನ ಮೇಲೆ, ಚೀನೀ ಬಲೆಗಳ ದಡದ ಕಡೆಯ ಕಲ್ಲುಗಳ ಪಕ್ಕದಲ್ಲಿ ಇಂಥ ಮರುಚಿತ್ರಣ ನಡೆಯಬೇಕು. ಅನಂತಪುರ, ಬೇಕಲಗಳಲ್ಲಿ ಕನ್ನಡ ಬಲ್ಲವರೇ ಇದನ್ನು ಕೈಗೊಂಡರೆ ಅಡಿಬರಹಗಳ ಲೋಪ ತಾನಾಗಿ ತುಂಬಿಕೊಳ್ಳುತ್ತದೆ. ಹೊರನಾಡಿನ ಕನ್ನಡ ಸಂಶೋಧಕರಿಗೆ ಇದು ದೊಡ್ಡ ವೆಚ್ಚದ ಕೆಲಸವಲ್ಲ. ಹಳೆಯ ಚಿತ್ರದ ಒಂದು ಪ್ರತಿ, ಒಂದು ನಕ್ಷೆ, ಆ ಊರಿನ ಭಾಷೆ ಬಲ್ಲ ಒಬ್ಬ ಸಂಗಾತಿ, ಚಿತ್ರದ ಹಿಂಬದಿಯಲ್ಲಿ ಮರೆಯದೆ ಬರೆದ ದಿನಾಂಕ ಇಷ್ಟಿದ್ದರೆ ಪ್ರಾರಂಭಿಸಬಹುದು. ಪುರವರ್ಣನೆಯನ್ನು ಕವಿಸಮಯವೆಂದು ತಿಳಿದೂ ಅದರಿಂದ ಚರಿತ್ರೆಯನ್ನು ಹೆಕ್ಕಿ ತೆಗೆಯಲು ಕಲಿತ ವಿದ್ವತ್ ಪರಂಪರೆಗೆ ಈ ಕೆಲಸ ಅಪರಿಚಿತವಾದುದೇನಲ್ಲ.